ಕಾವಲು ಕೂತವರ ನಕ್ಷೆ

ಹೋದ ತಿಂಗಳು ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಾರ್ಟಿಯವರು ಇಬ್ಬರು ಅಂಗಡಿ ಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದರು. ಬಕೆಟ್ಟಿನಲ್ಲಿ ಬಿಸಿ ಮೈದಾ ಅಂಟು, ಇನ್ನೂ ಆವಿ ಏಳುತ್ತಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಎದೆ ಡಬಡಬ ಬಡಿದುಕೊಂಡಿತು. ಎಪ್ಪತ್ತು ದಾಟಿದವಳಿಗೆ ಅಂಟಿನ ವಾಸನೆಗೆ ಎದೆ ಹಾರುವುದೆಂದರೆ ನಗೆಗೇಡು. ಬಸ್ಸು ಬಂತು. ನಾನು ಹತ್ತಲಿಲ್ಲ. ಬಕೆಟ್ಟಿನ ಹತ್ತಿರ ಹೋಗಿ ನಿಂತೆ.

"ಎಂತ ಅಮ್ಮೇ, ಪೋಸ್ಟರ್ ಬೇಕಾ?" ಎಂದ ಒಬ್ಬ.

"ಪೋಸ್ಟರ್ ಎಂತಕೆ? ನಿನ್ನ ಅಂಟು ನೀರಾಗಿದೆ. ಇನ್ನೊಂದು ಮುಷ್ಟಿ ಮೈದಾ ಹಾಕು. ನಾಳೆಗೆ ನಿಮ್ಮ ನಾಯಕ ಕೆಳಗೆ ಬೀಳ್ತಾನೆ."

ಅಂಟು ಕಾಯಿಸುವುದು ನನಗೆ ಚೆನ್ನಾಗಿ ಗೊತ್ತು. ಯೂನಿವರ್ಸಿಟಿಯಲ್ಲಿ ಕಲಿತದ್ದು. ನಾನು ಅಲ್ಲಿಗೆ ಹೋಗಲಿಲ್ಲ, ಅದೇ ನಮ್ಮ ಹಾಡಿಗೆ ಬಂದಿತ್ತು. ನಾಲ್ಕು ವಾರ ಇತ್ತು. ನನ್ನ ಆಯುಸ್ಸಿನಲ್ಲಿ ಅಷ್ಟು ಓಡಿದ, ಅಷ್ಟು ಕೂಗಾಡಿದ, ಅಷ್ಟು ನಕ್ಕ ನಾಲ್ಕು ವಾರ ಬೇರೆ ಇಲ್ಲ. ಮದುವೆಯ ವಾರವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆಗ ನನಗೆ ಇಪ್ಪತ್ತನಾಲ್ಕೋ ಐದೋ. ತೋಲ್ಪೆಟ್ಟಿಯ ಕಾಡಿನ ಅಂಚಿನಲ್ಲಿ ನಮ್ಮ ಹಾಡಿ, ಹತ್ತೊಂಬತ್ತು ಮನೆ. ಹಾಡಿಯ ಕೆಳಗೆ ಹಡ್ಲು. ಹಡ್ಲು ಎಂದರೆ ವರ್ಷವಿಡೀ ನೀರು ಜಿನುಗುವ ಹುಲ್ಲಿನ ತಗ್ಗು. ನಮ್ಮ ಅಜ್ಜಂದಿರು ಅದನ್ನು ಕಡಿದು, ಬದು ಹಾಕಿ, ಗದ್ದೆ ಮಾಡಿದ್ದರು. ಕಾಗದದಲ್ಲಿ ಮಾತ್ರ ಅದು ಧಣಿಯದು. ಧಣಿಯ ಹಿರಿಯರು ಕರ್ನಾಟಕದ ಕಡೆಯಿಂದ ಬಂದು ನೆಲೆಸಿದವರು. ಅವರ ಮನೆ ಮೂರು ಮೈಲಿ ಆಚೆ. ಬೆಳೆದದ್ದರಲ್ಲಿ ಪಾಲು ಅವರ ಕಣಜಕ್ಕೆ ಹೋಗುತ್ತಿತ್ತು. ಉಳುವವರಿಗೇ ನೆಲ ಎಂಬ ಕಾನೂನು ಬಂದ ಮೇಲೆ ನಾವೂ ಹೆಬ್ಬೆಟ್ಟು ಒತ್ತಿ ಅರ್ಜಿ ಹಾಕಿದೆವು. ಅದಕ್ಕೆ ಧಣಿಯ ಉತ್ತರ ಒಂದೇ: ಇವರು ಕೂಲಿಯವರು, ಗದ್ದೆ ನನ್ನದು. ಅಧಿಕಾರಿ ಹಾಡಿಗೇ ಬಂದು ವಿಚಾರಿಸುತ್ತಾರೆ ಎಂದು ಕಾಗದ ಬಂದಿತ್ತು. ಕೂಲಿಯವರು ಎಂದು ಬರೆದುಕೊಂಡು ಹೋದರೆ ಆ ಕೊಯ್ಲೇ ನಮ್ಮ ಕೊನೆಯ ಕೊಯ್ಲು.

ಕಾಲವೂ ಕೆಟ್ಟದ್ದು. ಕಾಡಿನಲ್ಲಿ ನಕ್ಸಲರಿದ್ದಾರೆ ಎಂದು ಅಲ್ಲಲ್ಲಿ ಪೊಲೀಸ್ ಕ್ಯಾಂಪು. ಸಂತೆಯಿಂದ ಎರಡು ಸೇರು ಅಕ್ಕಿ ಹೆಚ್ಚಿಗೆ ತಂದರೂ ಯಾರಿಗೆ ಎಂದು ಕೇಳುತ್ತಿದ್ದರು. ಹಾಗಾಗಿ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹನ್ನೆರಡು ಜನ ಚೀಲ ಹೊತ್ತು, ಹೆಚ್ಚಿನವರು ಪ್ಯಾಂಟು ಹಾಕಿಕೊಂಡು ಹಾಡಿಗೆ ಬಂದಾಗ ನಾವು ಮಾಡಿದ್ದು ಒಂದೇ ಕೆಲಸ. ಕಾಡಿಗೆ ಓಡಿದೆವು. ಒಲೆಯ ಮೇಲಿನ ಗೆಣಸು ಕರಕಲಾಯಿತು.

ಮೈಸೂರಿನ ಕಡೆಯವರು ಆರು, ಕಲ್ಲಿಕೋಟೆಯ ಕಡೆಯವರು ಆರು. ಎರಡು ಕಡೆಯ ಯೂನಿವರ್ಸಿಟಿ ಸೇರಿ ಮಾಡಿದ ಕೋರ್ಸಂತೆ. ಆರು ತಿಂಗಳ ಪಾಠವನ್ನು ನಾಲ್ಕು ವಾರದಲ್ಲಿ, ಒಂದೇ ಊರಿನಲ್ಲಿ ಕೂತು, ಊರಿನವರ ಜೊತೆ ಸೇರಿ ಸಂಶೋಧನೆ ಮಾಡಿ ಮುಗಿಸಬೇಕು. ವಿಷಯ ನೆಲ: ಯಾರು ಬೆಳೆಯುತ್ತಾರೆ, ಯಾರು ಉಣ್ಣುತ್ತಾರೆ. ಜೊತೆಗೆ ಬಂದ ಮೇಷ್ಟ್ರು ತೆಳ್ಳಗಿನ ಮನುಷ್ಯ, ಬಾಯಲ್ಲಿ ಯಾವಾಗಲೂ ಆರಿದ ಬೀಡಿ. ನಾವು ಅವರನ್ನು ಮಾಷ್ ಎನ್ನುತ್ತಿದ್ದೆವು. ಮಾಷ್ ಮೊದಲ ದಿನವೇ ಕಣದಲ್ಲಿ ಎಲ್ಲರನ್ನೂ ಕೂರಿಸಿ ಕಟ್ಟಳೆ ಹೇಳಿದರು. ಯಾರೂ ಒಂಟಿಯಾಗಿ ಒಂದಕ್ಷರ ಬರೆಯಕೂಡದು. ಪ್ರತಿ ವಿದ್ಯಾರ್ಥಿಗೂ ಹಾಡಿಯವರೊಬ್ಬರು ಜೋಡಿ. ಬರೆದದ್ದನ್ನು ಜೋಡಿಗೆ ಓದಿ ಹೇಳಬೇಕು. ಜೋಡಿ ಹೂಂ ಎಂದರೆ ಮಾತ್ರ ಅದು ಉಳಿಯುತ್ತದೆ. ಉಳಿದದ್ದನ್ನೆಲ್ಲ ವಿಚಾರಣೆಗೆ ಬರುವ ಅಧಿಕಾರಿಯ ಮುಂದೆ ಇಡುವುದು. ಕಡೆಗೆ ನೂರಕ್ಕೆ ಐವತ್ತು ಅಂಕ ಕೊಡುವುದೂ ಜೋಡಿಯೇ.

ನಮ್ಮ ಹಾಡಿಯ ಹಿರಿಯ ಕಾಳ ಮೂಪ್ಪನಿಗೆ ನಂಬಿಕೆ ಬರಲಿಲ್ಲ. ನಮ್ಮ ಮಾತಿನಲ್ಲಿ ನಂಗ ಎಂದರೆ ನಾವು. "ನಂಗ ಮಾರ್ಕು ಹಾಕದಾ? ಸ್ಕೂಲಿನ ಮೆಟ್ಟಿಲು ತುಳಿದವ ಅಲ್ಲ ನಾನು."

"ಅದಕ್ಕೇ ನೀವು ಹಾಕಬೇಕು," ಎಂದರು ಮಾಷ್. "ಮೆಟ್ಟಿಲು ತುಳಿದವರು ಹಾಕಿದ್ದು ನೋಡಿ ಸಾಕಾಗಿದೆ."

"ಹಂಗಾದ್ರೆ ಈಗ ಎಲ್ಲರ್ಗೂ ಸೊನ್ನೆ. ಮೊದಲು ಕೆಸರಲ್ಲಿ ನಡೆಯದು ಕಲೀಲಿ."

ನನಗೆ ಜೋಡಿಯಾಗಿ ಬಂದವಳು ಸುಧಾ, ಮೈಸೂರಿನವಳು, ದಪ್ಪ ಕನ್ನಡಕ. ಮೊದಲ ದಿನ ಬದುವಿನಿಂದ ಜಾರಿ ಸೊಂಟದ ತನಕ ಹೂತುಹೋದಳು. ಒಂದು ಕೈಯಲ್ಲಿ ಮಾತ್ರ ಪುಸ್ತಕ ಮೇಲೆತ್ತಿ ಹಿಡಿದಿದ್ದಳು.

"ಎಂತ ಮೋಳೆ, ಅಲ್ಲೇ ನಾಟಿ ಆಗ್ತಿಯಾ?" ಎಂದೆ. ನಮ್ಮ ಕಡೆ ಮೋಳೆ ಎಂದರೆ ಮಗಳು.

"ಅಕ್ಕಾ, ಮೊದಲು ಪುಸ್ತಕ ತಗೊಳ್ಳಿ, ಆಮೇಲೆ ನನ್ನ ತಗೊಳ್ಳಿ!"

ಆಗಲೇ ಅವಳು ನನಗೆ ಹಿಡಿಸಿದಳು. ನಕ್ಷೆ ಬರೆಯುವವನು ಕಲ್ಲಿಕೋಟೆಯ ಹಮೀದ್. ಅವನು ಮಾತಾಡುವುದು ಕಡಿಮೆ. ಹೆಜ್ಜೆ ಎಣಿಸಿ ಎಣಿಸಿ, ಊಟಕ್ಕೆ ಕರೆದರೂ 'ನೂರ ಹನ್ನೆರಡು' ಎನ್ನುತ್ತಿದ್ದ.

ನಸುಕಿಗೆ ಎದ್ದು ಹೊರಡುತ್ತಿದ್ದೆವು. ಮಂಜು ಹಡ್ಲಿನ ಮೇಲೆ ಹಾಸಿಕೊಂಡಿರುತ್ತಿತ್ತು, ತೆನೆ ಆಗಷ್ಟೇ ಹಾಲು ಕಟ್ಟುತ್ತಿತ್ತು. ಮನೆ ಮನೆಗೆ ಹೋಗಿ ಸುಧಾ ಕೇಳುವುದು, ನಾನು ನಮ್ಮ ಮಾತಿನಲ್ಲಿ ತಿರುಗಿಸಿ ಕೇಳುವುದು, ಅವಳು ಬರೆಯುವುದು, ಓದುವುದು, ನಾನು ಹೂಂ ಎನ್ನುವುದು. ನನ್ನ ಹೂಂಗೆ ಒಂದು ಬೆಲೆ ಇದೆ ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಬೇಕೆಂದೇ ತಡೆದು ತಡೆದು ಹೂಂ ಎನ್ನುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ನಾಳೆ ಎಷ್ಟು ಹೊತ್ತಿಗೆ ಬೆಳಗಾದೀತು ಎಂದು.

ಹತ್ತನೆಯ ದಿನ ಮಾಷ್ ಎಲ್ಲ ಫಾರಂ ಕೂಡಿಸಿ ಕಣದಲ್ಲಿ ಓದಿಸಿದರು. ಸುಧಾ ಓದಿದಳು: "ಒಟ್ಟು ಮನೆ ಹತ್ತೊಂಬತ್ತು. ವಿಚಾರಿಸಿದ್ದು ಹದಿನೆಂಟು. ತಮ್ಮದು ಎಂದು ಹೇಳಿದ ಗದ್ದೆ, ಒಂದೂ ಇಲ್ಲ. ಎಲ್ಲವೂ ಧಣಿಯವರದು."

ಅವಳ ದನಿ ಕೆಳಗಿಳಿಯಿತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇದನ್ನು ಅಧಿಕಾರಿಗೆ ಕೊಟ್ಟರೆ ಧಣಿ ಲಾಯರನ್ನು ಇಡುವುದೂ ಬೇಡ. ನಮ್ಮ ಬಾಯಿಂದಲೇ ನಾವು ಕೆಟ್ಟಿದ್ದೆವು.

ಅಷ್ಟೂ ಮನೆಗೆ ಜೊತೆಯಲ್ಲಿ ಹೋದವಳು ನಾನು. ನನಗೂ ಅದು ತಪ್ಪೆನಿಸಿರಲಿಲ್ಲ. ಏಕೆಂದರೆ ಪೈರು ನಿಂತಿರುವಾಗ 'ಗದ್ದೆ ನನ್ನದು' ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಆನೆಗೆ ಕೇಳಿಸುತ್ತದೆ. ಆಗ ಆನೆ ಎಂಬ ಹೆಸರನ್ನೂ ಎತ್ತುವುದಿಲ್ಲ, ದೊಡ್ಡವನು ಎನ್ನುತ್ತೇವೆ. ಯಾರ ಗದ್ದೆ ಎಂದರೆ ಧಣಿಯದು. ಯಾರ ತೆನೆ ಎಂದರೆ ಧಣಿಯದು. ಕೊಯ್ದು ಕಣಕ್ಕೆ ಬಂದ ಮೇಲೆಯೇ ನಮ್ಮದು.

ಇದನ್ನು ಹೇಳಿದಾಗ ಸುಧಾ ಅಳಲಿಕ್ಕೆ ಶುರುಮಾಡಿದಳು. "ಇದನ್ನೆಲ್ಲಾ ಸುಟ್ಟುಬಿಡೋಣ ಸರ್. ಮತ್ತೆ ಬರೆಯೋಣ."

"ಸುಡಬಾರದು," ಎಂದರು ಮಾಷ್. ಆ ಮನುಷ್ಯನಿಗೆ ಬೇಜಾರೇ ಆಗಿರಲಿಲ್ಲ, ಕಣ್ಣು ಹೊಳೆಯುತ್ತಿತ್ತು. "ನಾವು ಕೇಳಿದ್ದು ತಪ್ಪು ಅಂತ ಬರೆದು ಇದನ್ನೂ ಜೊತೆಗೆ ಇಡಬೇಕು. ಸರಿಯಾದ ಪ್ರಶ್ನೆ ಯಾವುದು? ಅದು ನನಗೆ ಗೊತ್ತಿಲ್ಲ. ಯಾರಿಗೆ ಗೊತ್ತು?"

ಹನ್ನೆರಡು ವಿದ್ಯಾರ್ಥಿಗಳೂ ಒಟ್ಟಿಗೆ ಮಾತಾಡಿದರು. ಯಾರು ಉತ್ತರು, ಯಾರು ನೆಟ್ಟರು ಎಂದು ಕೇಳೋಣ ಎಂದರು. ಅದಾಗದು. ಉಳುವುದು, ನೆಡುವುದು ಕೂಲಿಯವನೂ ಮಾಡುತ್ತಾನೆ, ಧಣಿಯ ಪಾರುಪತ್ಯಗಾರ ಅದನ್ನೇ ಹೇಳುತ್ತಾನೆ. ನಾನು ಬಿದಿರು ಸೀಳುತ್ತಾ ಕೂತಿದ್ದೆ. ಕತ್ತಿ ಕೈಯಲ್ಲೇ ಇತ್ತು, ಹಾಗೇ ಎದ್ದು ನಿಂತೆ.

"ಮಾಷ್, ಕಾವಲು ಯಾರು ಕೂತಿದ್ದರು ಅಂತ ಕೇಳಿ."

ಕಾಡಿನಂಚಿನ ಗದ್ದೆಗೆ ಕಾವಲಿಲ್ಲದಿದ್ದರೆ ತೆನೆ ಉಳಿಯುವುದಿಲ್ಲ. ಪ್ರತಿ ಮನೆಗೂ ಗದ್ದೆಯ ತಲೆಯಲ್ಲಿ ಒಂದು ಮರ, ಮರದ ಮೇಲೆ ಬಿದಿರಿನ ಅಟ್ಟ. ಅದಕ್ಕೆ ಏರುಮಾಡ ಎನ್ನುತ್ತೇವೆ. ಮೂರು ತಿಂಗಳು ಮೇಲೆ ಕೂತು, ತಗಡು ಬಡಿದು, ಕೂಗಿ, ಹಂದಿ ಆನೆ ಓಡಿಸಬೇಕು. ಕೂಲಿಗೆ ಕಾವಲು ಕೂರುವವನು ಈ ಭೂಮಿಯ ಮೇಲೆ ಇಲ್ಲ. ಇನ್ನೊಬ್ಬರ ಅನ್ನಕ್ಕೆ ಯಾರು ಆನೆಯ ಎದುರು ಕೂರುತ್ತಾರೆ?

ಮಾಷ್ ಬೀಡಿಯನ್ನು ಬಾಯಿಂದ ತೆಗೆದು ಎಸೆದರು. "ಹೊರಡಿ!"

ಆಮೇಲಿನ ಒಂದು ವಾರವನ್ನು ಹೇಗೆ ಹೇಳಲಿ? ಧಣಿಯದು, ಧಣಿಯದು ಎಂದು ಮೂರು ಮಾತಿನಲ್ಲಿ ಮುಗಿಸಿದವರೆಲ್ಲ ಈಗ ಬಾಯಿ ಮುಚ್ಚಲಿಲ್ಲ. ಕಾವಲಿನ ಸುದ್ದಿಯಲ್ಲಿ ಕೊಚ್ಚಿಕೊಳ್ಳದ ಗಂಡಸು ನಮ್ಮ ಹಾಡಿಯಲ್ಲಿ ಹುಟ್ಟಿಲ್ಲ. ನಾನು ಕೂತೆ, ನನ್ನಪ್ಪ ಕೂತ, ಅವರಪ್ಪ ಇದೇ ಮರದಲ್ಲಿ ಕೂತ. ಕಾಳ ಮೂಪ್ಪ ತನ್ನ ಏರುಮಾಡದ ಕಂಬ ಹಿಡಿದು ನಿಂತು, ಒಂದು ವರ್ಷ ದೊಡ್ಡವನು ಮರ ಅಲ್ಲಾಡಿಸಿ ತನ್ನ ಪಂಚೆ ಎಳೆದುಕೊಂಡ ಕಥೆ ಹೇಳಿದ.

"ಪಂಚೆ ವಾಪಸ್ ಸಿಕ್ತಾ?" ಎಂದಳು ಸುಧಾ, ಬರೆಯುತ್ತಲೇ.

"ಎಲ್ಲಿ ಸಿಕ್ತದ ಮೋಳೆ? ಅವ ಉಟ್ಕೊಂಡು ಕುಟ್ಟದ ಸಂತೆಗೆ ಹೋದ!"

ಸುಧಾಳ ಪೆನ್ನು ನಿಂತಿತು, ನಗು ತಡೆಯದೆ ಬದುವಿನ ಮೇಲೆ ಕೂತಳು. ಹಮೀದ್ ಒಂದೊಂದು ಏರುಮಾಡಕ್ಕೂ ಒಂದು ಕೆಂಪು ಚುಕ್ಕೆ ಇಟ್ಟ. ಯಾವ ಚುಕ್ಕೆಯ ಕೆಳಗೆ ಯಾವ ಗದ್ದೆ, ಎಷ್ಟು ತಲೆಮಾರು, ಎಲ್ಲ ನಕ್ಷೆಗೆ ಬಂತು. ಹದಿನೆಂಟು ಚುಕ್ಕೆ.

ಹತ್ತೊಂಬತ್ತನೆಯದು ನನ್ನ ಮನೆ. ಎಲ್ಲರನ್ನೂ ಕೇಳುವವಳು ನಾನಾದ್ದರಿಂದ ನನ್ನನ್ನು ಕೇಳುವವರು ಇರಲಿಲ್ಲ. ಸುಧಾ ಎರಡು ಸಲ ನೆನಪಿಸಿದಳು, ಆಮೇಲೆ ಎಂದೆ. ಕಾರಣ ಇತ್ತು. ಗಂಡ ಜ್ವರದಲ್ಲಿ ಸತ್ತು ಎರಡು ವರ್ಷವಾಗಿತ್ತು. ನಮ್ಮಲ್ಲಿ ಹೆಂಗಸು ಏರುಮಾಡ ಹತ್ತಬಾರದು. ಹತ್ತಿದರೆ ದೊಡ್ಡವನಿಗೆ ಸಿಟ್ಟು ಬಂದು ಹಾಡಿಯ ಎಲ್ಲ ಗದ್ದೆ ತುಳಿಯುತ್ತಾನೆ ಎನ್ನುತ್ತಾರೆ. ಗಂಡನ ತಮ್ಮ ಕಾವಲಿಗೆ ಬರಬೇಕಿತ್ತು. ಅವನು ಕುಟ್ಟದ ಕಾಫಿ ತೋಟ ಸೇರಿ ಈ ಕಡೆ ತಲೆ ಹಾಕಲಿಲ್ಲ. ಮಗಳನ್ನು ಅತ್ತೆಯ ಹತ್ತಿರ ಮಲಗಿಸಿ, ಕತ್ತಲಾದ ಮೇಲೆ ಹತ್ತಿ, ಬೆಳಕು ಹರಿಯುವ ಮೊದಲು ಇಳಿದು, ಎರಡು ಬೆಳೆ ಕಾದವಳು ನಾನು. ಯಾರಾದರೂ ಕೇಳಿದರೆ ತಮ್ಮ ಬರುತ್ತಾನೆ ಎನ್ನುತ್ತಿದ್ದೆ. ಈಗ ಫಾರಂನಲ್ಲಿ ತಮ್ಮನ ಹೆಸರು ಬರೆಸಿದರೆ ಗದ್ದೆ ಅವನದಾಗುತ್ತದೆ. ನನ್ನ ಹೆಸರು ಬರೆಸಿದರೆ ನಾಳೆ ಆನೆ ಯಾರ ಗದ್ದೆ ತುಳಿದರೂ ಹಾಡಿಯವರು ನನ್ನ ಮನೆಯ ಬಾಗಿಲಿಗೆ ಬರುತ್ತಾರೆ. ಖಾಲಿ ಬಿಟ್ಟೆ.

ಅಧಿಕಾರಿ ಬರಲು ಮೂರು ದಿನ ಇತ್ತು. ನಕ್ಷೆಗೆ ಇನ್ನೊಂದು ಪ್ರತಿ ಮಾಡಿಸಲು ಹಮೀದ್, ಸುಧಾ, ನಾನು ಮಾನಂದವಾಡಿಗೆ ಹೊರಟೆವು. ಕಾಟ್ಟಿಕುಳಂನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಎಲ್ಲರ ಚೀಲ ನೋಡಿದರು. ಇನ್ಸ್‌ಪೆಕ್ಟರ್ ನಕ್ಷೆಯನ್ನು ಜೀಪಿನ ಮೇಲೆ ಹರಡಿದ. ಕಾಡಿನ ಅಂಚಿಗೆ ಸಾಲಾಗಿ ಹದಿನೆಂಟು ಕೆಂಪು ಚುಕ್ಕೆ ನೋಡಿ ಅವನ ಮುಖವೂ ಕೆಂಪಾಯಿತು.

"ಎಂತದಿದು? ಮರದ ಮೇಲೆ ಯಾರನ್ನ ಕೂರಿಸಿದ್ದೀರಿ? ನಕ್ಸಲರ ಪಹರೆಯಾ?"

ನಾನು ಹೇಳಿದೆ: "ಅಲ್ಲ ಸಾರೇ, ಹಂದಿ ಕಾಯುವ ಜಾಗ. ಬೇಕಾದ್ರೆ ನೀವೂ ಬಂದು ಕೂತ್ಕೊಳ್ಳಿ. ಟೋಪಿ ನೋಡಿದ್ರೆ ಹಂದಿ ಜಾಸ್ತಿ ಓಡ್ತದ."

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಅದೇ ಕೆಟ್ಟಿತು. ಅವನು ನಕ್ಷೆ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಹೋಗಿಬಿಟ್ಟ. ನಮ್ಮನ್ನು ಬಿಟ್ಟದ್ದೇ ದೊಡ್ಡದು. ಸುಧಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬಿಕ್ಕಿದಳು.

"ಎಂತಕೆ ಅಳ್ತಿ? ಕಾಗದ ಕೊಂಡೋದ್ರು. ಹಡ್ಲು ಕೊಂಡೋದ್ರಾ?"

"ಅಕ್ಕಾ, ಮೂರು ವಾರದ ಕೆಲಸ..."

"ಮೂರು ವಾರ ನಿಂಗ ಕಲ್ತಿದ್ದು. ನಂಗ ಕಲ್ತಿದ್ದು ಹುಟ್ಟಿದಂದಿನಿಂದ. ಏಳು. ಮೈದಾ ತಗೊಳ್ಳಿ, ಕಾಗದ ತಗೊಳ್ಳಿ, ಒಂದು ಬಿಳಿ ಪಂಚೆ ತಗೊಳ್ಳಿ."

ಮರುದಿನ ಹಾಡಿಯಲ್ಲಿ ಯಾರೂ ಕೂಲಿಗೆ ಹೋಗಲಿಲ್ಲ. ಕಣದ ಸೆಗಣಿ ನೆಲದ ಮೇಲೆ ನಾವೇ ಹಡ್ಲನ್ನು ಬರೆದೆವು. ತೊರೆಗೆ ಭತ್ತದ ಹೊಟ್ಟು, ಬದುವಿಗೆ ಬೂದಿ, ಕಾಡಿಗೆ ಸೊಪ್ಪು. ಒಂದೊಂದು ಮನೆಯವರೂ ಬಂದು ತಮ್ಮ ಏರುಮಾಡದ ಜಾಗಕ್ಕೆ ಒಂದು ನೆಲ್ಲಿಕಾಯಿ ಇಟ್ಟರು. ಎಂತಹ ಜಗಳ! "ನಿನ್ನ ಬದು ಅಲ್ಲಿ ಎಲ್ಲಿ ಬತ್ತದ, ಮಾರಾಯ?" "ಹೋದ ವರ್ಷ ನೀನೇ ಒಂದು ಗೇಣು ತಿಂದಿ!" "ನೆಲ್ಲಿಕಾಯಿ ಯಾರು ತಿಂದಿದ್ದು? ಮೂಪ್ಪನ ಏರುಮಾಡ ಹೋಯ್ತು!" ಜಗಳವಾಡಿದಷ್ಟೂ ನಕ್ಷೆ ಸರಿಯಾಯಿತು. ಮೊದಲ ನಕ್ಷೆಯಲ್ಲಿ ತೊರೆ ಒಂದು ಕಡೆ ತಪ್ಪು ತಿರುಗಿತ್ತು, ಅದೂ ಸಿಕ್ಕಿತು. ಹನ್ನೆರಡು ವಿದ್ಯಾರ್ಥಿಗಳು ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ ಕಾಗದಕ್ಕೆ ಇಳಿಸಿದರು. ಮೊದಲ ನಕ್ಷೆಗೆ ಹಮೀದ್ ಮಾಡಿದ್ದನ್ನು ನೋಡಿ ಕಲಿತ ಹಾಗೆ ನಾನು ದೊಡ್ಡ ಮಡಕೆಯಲ್ಲಿ ಅಂಟು ಕಾಯಿಸಿದೆ, ತಿರುವಿದೆ, ಕಾಗದವನ್ನೆಲ್ಲ ಪಂಚೆಯ ಮೇಲೆ ಅಂಟಿಸಿದೆ. ಮೈ ಎಲ್ಲ ಅಂಟು, ಕೂದಲೆಲ್ಲ ಬೂದಿ. ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

"ಚೇಚಿ, ನಿಮ್ಮದು?" ಎಂದು ಹಮೀದ್ ಕೆಂಪು ಪೆನ್ಸಿಲ್ ಹಿಡಿದು ಕೇಳಿದ.

"ಅಂಟು ತಳ ಹಿಡೀತದ, ಆಮೇಲೆ," ಎಂದು ಮಡಕೆಯ ಕಡೆ ತಿರುಗಿದೆ.

ಅಧಿಕಾರಿ ಬಂದ ದಿನ ಬಿಸಿಲು ಚೆನ್ನಾಗಿತ್ತು. ಕಣದಲ್ಲಿ ಹಗ್ಗ ಕಟ್ಟಿ ನಕ್ಷೆ ನೇತುಹಾಕಿದ್ದೆವು. ಧಣಿ ಬರಲಿಲ್ಲ, ಅವರ ಪಾರುಪತ್ಯಗಾರ ಕೊಡೆ ಹಿಡಿದು ಬಂದ. ಮಾಷ್ ಹೇಳಿದ ಹಾಗೆಯೇ ಮೊದಲಿನ ಫಾರಂಗಳನ್ನೂ, ಆಮೇಲಿನವನ್ನೂ ಎರಡು ಕಟ್ಟು ಮಾಡಿ ಮುಂದಿಟ್ಟರು. ಪಾರುಪತ್ಯಗಾರ ಮೊದಲ ಕಟ್ಟಿಗೇ ಕೈ ಹಾಕಿದ.

"ನೋಡಿ ಸಾರ್, ಇವರ ಬಾಯಿಂದಲೇ ಬಂದಿದೆ. ಎಲ್ಲಾ ಧಣಿಯವರದು. ಇನ್ನು ಬೇರೆ ವಿಚಾರಣೆ ಯಾಕೆ?"

ಅಧಿಕಾರಿ ಕಾಳ ಮೂಪ್ಪನ ಕಡೆ ನೋಡಿದರು. "ಹೀಗೆ ಹೇಳಿದ್ದು ಹೌದಾ?"

"ಹೌದು ಸಾರೇ. ಪೈರು ನಿಂತದಲ್ಲ. ದೊಡ್ಡವನ ಕಿವಿ ದೊಡ್ಡದು. ಧಣಿದು ಅಂದ್ರೆ ಧಣಿ ಮನೆಗೇ ಹೋಗ್ಲಿ ಅಂತ."

ಅಧಿಕಾರಿಯ ಜವಾನ ಮೊದಲು ನಕ್ಕ. ಆಮೇಲೆ ಕಣವೆಲ್ಲ ನಕ್ಕಿತು. ಅಧಿಕಾರಿ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಎರಡನೆಯ ಕಟ್ಟು ಬಿಚ್ಚಿದರು. ಒಂದೊಂದೇ ಓದಿ, ನಕ್ಷೆಯ ಚುಕ್ಕೆ ನೋಡಿ, ಪಾರುಪತ್ಯಗಾರನನ್ನು ಕೇಳಿದರು. "ಇಲ್ಲಿ ಧಣಿಯವರ ಕಡೆಯಿಂದ ಕಾವಲಿಗೆ ಯಾರು ಕೂತಿದ್ದರು? ಹೋದ ವರ್ಷ ಆನೆ ಯಾವ ಕಡೆಯಿಂದ ಇಳಿಯಿತು?" ಅವನು ಕೊಡೆ ಮಡಿಸಿದ, ಬಿಚ್ಚಿದ. ಹದಿನೆಂಟು ಸಲವೂ ಅದೇ ಆಯಿತು. ನಮ್ಮವರು ಒಂದೊಂದಕ್ಕೂ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

"ಅರ್ಜಿ ಹತ್ತೊಂಬತ್ತು ಇದೆ," ಎಂದರು ಅಧಿಕಾರಿ. "ಬೊಳ್ಳಿ ಯಾರು? ಆಕೆಯ ಫಾರಂ ಎಲ್ಲಿ?"

ಪಾರುಪತ್ಯಗಾರನಿಗೆ ಜೀವ ಬಂತು. "ಅವಳಿಗೆ ಗಂಡನಿಲ್ಲ ಸಾರ್. ಕಾವಲಿಗೆ ಕೂರಲು ಮನೆಯಲ್ಲಿ ಗಂಡಸೇ ಇಲ್ಲ. ಆ ಗದ್ದೆಯನ್ನಾದರೂ ಧಣಿಯವರದು ಎಂದು ಬರೆಯಿರಿ. ಅದೊಂದು ಧಣಿಯವರದಾದರೆ ಉಳಿದದ್ದಕ್ಕೂ ನಾವು ಮೇಲಿನ ಕೋರ್ಟಿಗೆ ಹೋಗುತ್ತೇವೆ."

ಸುಧಾ ಎದ್ದಳು. ಖಾಲಿ ಫಾರಂ ತೆಗೆದು ನನ್ನ ಎದುರು ಬಂದು ಕೂತಳು. "ಅಕ್ಕಾ," ಎಂದಳು, "ಈ ಪೈರಿಗೆ ಕಾವಲು ಯಾರು ಕೂತಿದ್ದರು?"

ನೂರು ಸಲ ನಾನೇ ಕೇಳಿದ ಪ್ರಶ್ನೆ. ಕೇಳುವುದು ಎಷ್ಟು ಸುಲಭ, ಹೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಹಾಡಿಯವರೆಲ್ಲ ನೋಡುತ್ತಿದ್ದರು. ಅತ್ತೆ ತಲೆ ತಗ್ಗಿಸಿದ್ದಳು.

"ನಾನೇ," ಎಂದೆ. "ನಾನೇ ಹತ್ತಿ ಕೂತಿದ್ದು. ಎರಡು ಬೆಳೆ. ಹೋದ ವರ್ಷ ದೊಡ್ಡವನು ಇಳಿದದ್ದು ತೊರೆಯ ಮೇಲ್ಗಡೆಯಿಂದ, ಮೂರು ಸಲ, ಒಂದು ಸಲ ಮರಿ ಇತ್ತು. ಬೇಕಾದ್ರೆ ತಗಡು ಬಡಿದು ತೋರಿಸ್ತೇನೆ."

ಕಾಳ ಮೂಪ್ಪ ಎದ್ದು ನಕ್ಷೆಯ ಹತ್ತಿರ ಹೋದ. ನನ್ನ ಮೇಲೆ ಬರುತ್ತಾನೆ ಎಂದುಕೊಂಡೆ. ಅವನು ಬೆರಳಿಟ್ಟು ಹಮೀದನಿಗೆ ತೋರಿಸಿದ. "ಇಲ್ಲಿ ಹಾಕು. ಸ್ವಲ್ಪ ಮೇಲೆ. ಆ ಹಲಸಿನ ಮರ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ತಗಡಿನ ಸದ್ದು ಬ್ಯಾರೆ ಅಂತ ಎಲ್ಲರ್ಗೂ ಗೊತ್ತದ, ಬೊಳ್ಳಿ. ನಂಗ ಏನು ಕಿವುಡರಾ? ಎರಡು ವರ್ಷದಿಂದ ಅವ ತುಳೀಲಿಲ್ಲ. ಇನ್ನೆಂತ ಹೇಳದು?" ಎಂದ.

ಅಧಿಕಾರಿ ಬರೆದುಕೊಂಡರು. ಧಣಿ ಮೇಲಿನ ಕೋರ್ಟಿಗೆ ಹೋದರು, ನೆಲದ ಹಕ್ಕುಪತ್ರ ಕೈಗೆ ಬರುವಷ್ಟರಲ್ಲಿ ಕಾಳ ಮೂಪ್ಪ ಇರಲಿಲ್ಲ. ಹತ್ತೊಂಬತ್ತು ಮನೆಗೂ ಬಂತು. ಅದು ಬೇರೆ ದೊಡ್ಡ ಕಥೆ, ಅದರಲ್ಲಿ ನಗುವುದಕ್ಕೆ ಹೆಚ್ಚೇನೂ ಇಲ್ಲ.

ಆ ಸಂಜೆ ಮಾತ್ರ ಬಿಸಿಲು ಇನ್ನೂ ತೆನೆಯ ಮೇಲಿತ್ತು. ಕೋರ್ಸು ಮುಗಿಯಲು ಎರಡು ದಿನ ಬಾಕಿ. ಹಾಡಿಯವರೆಲ್ಲ ಕಣದಲ್ಲೇ ಇದ್ದರು. ನಾನು ತಗಡು ತೆಗೆದುಕೊಂಡು, ಎಲ್ಲರ ಎದುರೇ ಗದ್ದೆಯ ಬದು ಹಿಡಿದು ಹೊರಟೆ. ಹಿಂದಿನಿಂದ ಸುಧಾ ಓಡಿ ಬಂದಳು.

"ಅಕ್ಕಾ, ನಾನೂ ಹತ್ತಲಾ?"

"ಸೀರೆ ಎತ್ತಿ ಕಟ್ಟು," ಎಂದೆ. "ಕನ್ನಡಕ ಬಿದ್ರೆ ನಾನು ಇಳಿಯೋದಿಲ್ಲ."